ಅದು ಕೊಳೆಯಲ್ಲ, ಗೂಡ್ಸ್ ವ್ಯಾಗನ್ನಿನ ಬಣ್ಣ

ಸಂಪಾದಕರಿಗೆ ನಮಸ್ಕಾರ,

ಶಾಲೆಗಳ ವಸ್ತುಪ್ರದರ್ಶನದ ಫೋಟೋಗಳನ್ನು ನಿಮ್ಮ ಪತ್ರಿಕೆ ಪ್ರತಿ ವರ್ಷ ಹಾಕುತ್ತದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳು ಎಂಟನೇ ಕ್ಲಾಸು. ಈ ಸಲ ನಮ್ಮ ಕಡೆಯ ಒಂದು ಶಾಲೆಯ ಪ್ರದರ್ಶನಕ್ಕೆ ಗೂಡ್ಸ್ ರೈಲಿನ ಒಂದು ವ್ಯಾಗನ್ನಿನ ಚಿಕ್ಕ ಮಾಡೆಲ್ ಮಾಡಿಕೊಂಡು ಹೋಗಿದ್ದಳು. ಎರಡು ತಿಂಗಳ ಕೆಲಸ. ನೋಡಲು ಬಂದ ತೀರ್ಪುಗಾರರು "ಚೆನ್ನಾಗಿದೆ, ಆದರೆ ನೀಟಾಗಿಲ್ಲ, ಕೊಳಕಾಗಿದೆ" ಎಂದು ಮಾರ್ಕು ಕಡಿಮೆ ಮಾಡಿದರು. ಬಹುಮಾನ ಬೇರೆ ಮಗುವಿಗೆ ಹೋಯಿತು, ಅದಕ್ಕೆ ನನ್ನ ತಕರಾರಿಲ್ಲ. ಮನೆಗೆ ಬಂದು ಅವಳು ಕೇಳಿದ ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: "ಮಾವ, ತೊಳೆದು ತಗೊಂಡು ಹೋಗಬೇಕಿತ್ತಾ?"

ಆ ಕೊಳೆ ಅಷ್ಟನ್ನೂ ಅವಳೇ ಬ್ರಶ್ ಹಿಡಿದು ಹಚ್ಚಿದ್ದು.

ಅದು ಬಾಕ್ಸ್‌ಎನ್ ವ್ಯಾಗನ್. ಮೇಲೆ ಮುಚ್ಚಳ ಇಲ್ಲದ್ದು, ಕಲ್ಲಿದ್ದಲು, ಅದಿರು ತುಂಬುವುದು. ನಿಜವಾದದ್ದು 10.7 ಮೀಟರ್ ಉದ್ದ. 1:87 ಅಳತೆಗೆ, ಅಂದರೆ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದರೆ 12.3 ಸೆಂಟಿಮೀಟರ್, ಒಂದು ಪೆನ್ನಿಗಿಂತ ಗಿಡ್ಡ. ಡಬ್ಬ ಕಟ್ಟುವುದು ಒಂದು ವಾರದ ಕೆಲಸ, ಉಳಿದ ದಿನವೆಲ್ಲ ಬಣ್ಣಕ್ಕೇ ಹೋಯಿತು.

ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿ ನಿಂತಾಗಲೆಲ್ಲ ನಾವಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುತ್ತಿದ್ದೆವು. ಎಲ್ಲ ವ್ಯಾಗನ್ನೂ ಕೆಂಪು ಮಿಶ್ರಿತ ಕಂದು ಅಂತ ನಾನು ಅಂದುಕೊಂಡಿದ್ದೆ. ಸರಿಯಾಗಿ ನೋಡಿದರೆ ಅಕ್ಕಪಕ್ಕದ ಎರಡು ವ್ಯಾಗನ್ ಒಂದೇ ಬಣ್ಣ ಇರಲಿಲ್ಲ. ಬಿಸಿಲಿಗೆ ಒಂದು ಬಿಳಿಚಿಕೊಂಡಿದೆ, ಇನ್ನೊಂದರ ಮೇಲೆ ಕಲ್ಲಿದ್ದಲ ನೀರು ಮೇಲಿನಿಂದ ಇಳಿದು ಕಪ್ಪು ಗೆರೆ ಕಟ್ಟಿದೆ. ಒಳಗಿನಿಂದ ಏನೋ ಬಡಿದು ತಗಡು ಹೊರಗೆ ಉಬ್ಬಿದ ಕಡೆ ಬಣ್ಣ ಹಾರಿ ತುಕ್ಕು ಹಿಡಿದಿದೆ. ಅಷ್ಟು ಕೊಳೆಯ ಮಧ್ಯೆ ಒಂದು ಚೌಕ ಮಾತ್ರ ಹೊಸ ಬಣ್ಣ, ಅದರ ಮೇಲೆ ಬೆಳ್ಳಗೆ ರಿಪೇರಿಯ ತಾರೀಕು. ಪಕ್ಕದಲ್ಲಿ ಯಾರೋ ಚಾಕ್‌ಪೀಸಿನಲ್ಲಿ ಗೀಚಿದ ಗುರುತು. ಈ ಚಾಕಿನ ಗೆರೆಯನ್ನು ಮೊದಲು ಕಂಡದ್ದು ಅವಳೇ.

ಇನ್ನು ಮಾಡಿದ ರೀತಿ. ಮೊದಲು ಬಣ್ಣ ಹಿಡಿಯಲೆಂದು ಅಡಿಗೆ ಪ್ರೈಮರ್, ಅದರ ಮೇಲೆ ರೆಡ್ ಆಕ್ಸೈಡ್ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ ಹಚ್ಚಿದಳು, ಯಾಕೆಂದರೆ ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಜಾಸ್ತಿ ಗಾಢವಾಗಿ ಕಾಣುತ್ತದೆ. ಆಮೇಲೆ ಕಡು ಕಂದು ಬಣ್ಣಕ್ಕೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಬೆರೆಸಿ, ಎಲ್ಲ ಕಡೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಆ ಹನಿ ಇಲ್ಲದಿದ್ದರೆ ನೀರು ಮುತ್ತುಮುತ್ತಾಗಿ ನಿಲ್ಲುತ್ತದೆ, ಮೂಲೆಗೆ ಇಳಿಯುವುದಿಲ್ಲ. ಒರೆಸುವಾಗ ಬಟ್ಟೆ ಮೇಲಿನಿಂದ ಕೆಳಕ್ಕೇ ಎಳೆಯಬೇಕು, ಮಳೆನೀರು ಇಳಿದ ಹಾಗೆ. ಅಡ್ಡ ಎಳೆದರೆ ಕೆಟ್ಟಿತು, ಅವಳು ಒಂದು ಬದಿಯನ್ನು ಮೂರು ಸಲ ಮಾಡಿದ್ದಾಳೆ. ತುಕ್ಕಿನ ಬಣ್ಣ ತಟ್ಟಲು ಪಾತ್ರೆ ತಿಕ್ಕುವ ಸ್ಪಂಜಿನ ಚೂರು. ಧೂಳಿಗೆ ಮನೆ ಹಿಂದಿನ ಮುರಕಲ್ಲನ್ನೇ ಅರೆದು, ಹಳೇ ಪಂಚೆಯಲ್ಲಿ ಸೋಸಿ, ಮೆತ್ತಗಿನ ಬ್ರಶ್ಶಿನಲ್ಲಿ ಚಕ್ರದ ಸುತ್ತ ಸವರಿದಳು. ನಮ್ಮ ಊರಿನ ಧೂಳು, ಅದಕ್ಕಿಂತ ಸರಿಯಾದ ಬಣ್ಣ ಯಾವ ಅಂಗಡಿಯಲ್ಲಿ ಸಿಗಬೇಕು?

ನಂಬರ್ ಕೂಡ ಸುಮ್ನೆ ಬರೆದದ್ದಲ್ಲ. ವ್ಯಾಗನ್ ಮೇಲೆ 11 ಅಂಕಿ ಇರುತ್ತದೆ. ಮೊದಲ ಎರಡು ಯಾವ ಥರದ ವ್ಯಾಗನ್ ಎಂದು, ನಂತರದ ಎರಡು ಯಾವ ರೈಲ್ವೆಯದ್ದು ಎಂದು, ಐದು ಮತ್ತು ಆರನೆಯದು ತಯಾರಾದ ವರ್ಷ. ಅಲ್ಲಿ ಅವಳು 12 ಎಂದು ಬರೆದಿದ್ದಾಳೆ, ಅವಳು ಹುಟ್ಟಿದ್ದು 2012ರಲ್ಲಿ. ತೀರ್ಪುಗಾರರು ಒಂದು ಪ್ರಶ್ನೆ ಕೇಳಿದ್ದರೆ ಇಷ್ಟನ್ನೂ ಅವಳೇ ಹೇಳುತ್ತಿದ್ದಳು.

ಹೊಳೆಯುವ ಮಾಡೆಲ್ ತಪ್ಪು ಅಂತ ನಾನು ಹೇಳುತ್ತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಸರಿ ಬಣ್ಣದ ವಂದೇ ಭಾರತ್ ನಮ್ಮ ಕಾಸರಗೋಡಿನಿಂದಲೇ ಹೊರಟಿತಲ್ವಾ, ಅದನ್ನು ಮಾಡುವವರು ಫಳಫಳ ಹೊಳೆಯುವಂತೆಯೇ ಮಾಡಲಿ. ಮೈಸೂರಿನ ರೈಲ್ವೆ ಮ್ಯೂಸಿಯಂನ ಎಂಜಿನ್ನುಗಳೂ ಹಾಗೇ ಇರಬೇಕು. ದುಡಿಯುವ ಗೂಡ್ಸ್ ವ್ಯಾಗನ್ ಹಾಗಿರುವುದಿಲ್ಲ. ತೀರ್ಪು ಕೊಡುವ ಮೇಷ್ಟ್ರು, ಟೀಚರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮಾರ್ಕು ಹಾಕುವ ಮೊದಲು "ಈ ಕಲೆ ಇಲ್ಲಿ ಯಾಕೆ?" ಎಂದು ಮಗುವನ್ನು ಕೇಳಿ. ಕೈ ತಪ್ಪಿ ಆದ ಕಲೆಯೋ, ನೋಡಿ ಹಚ್ಚಿದ್ದೋ ಎಂದು ಉತ್ತರದಲ್ಲೇ ಗೊತ್ತಾಗುತ್ತದೆ.

ವ್ಯಾಗನ್ ತೊಳೆಯಲು ನಾನು ಬಿಡಲಿಲ್ಲ. ಈಗ ಅವಳಿಗೆ ಹಳೇ ಕಾಲದ ಮರೂನ್ ಬಣ್ಣದ ಪ್ಯಾಸೆಂಜರ್ ಬೋಗಿ ಮಾಡಬೇಕಂತೆ, ನೀಲಿ ಬರುವುದಕ್ಕೆ ಮುಂಚಿನದ್ದು. ಅವಳು ಅದನ್ನು ಕಣ್ಣಾರೆ ಕಂಡವಳಲ್ಲ. ನನಗೆ ಬಣ್ಣ ನೆನಪಿದೆ, ಧೂಳು ಎಲ್ಲಿ ಕೂರುತ್ತಿತ್ತು ಎಂಬುದು ನೆನಪಿಲ್ಲ. ನಿಮ್ಮ ಓದುಗರ ಆಲ್ಬಮ್‌ಗಳಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರ ಸ್ಟೇಷನ್ನುಗಳಲ್ಲಿ ತೆಗೆದ ಅಂಥ ಬೋಗಿಯ ಕಲರ್ ಫೋಟೋ ಇದ್ದರೆ, ಕಿಟಕಿಯ ಕೆಳಗಿನ ಭಾಗ ಕಾಣುವಂಥದ್ದು, ದಯವಿಟ್ಟು ಒಂದನ್ನಾದರೂ ಪ್ರಕಟಿಸಿ.

— ನಿಮ್ಮ ಓದುಗ, ಕುಂಬಳೆ