ಹಲಗೆ ಡೊಂಕು, ಬೈಗುಳ ಮೆಷಿನ್‌ಗೆ

ಸಂಪಾದಕರೇ,

ಸಾಗರದಲ್ಲಿ ಸಣ್ಣದೊಂದು ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್) ಇಟ್ಟುಕೊಂಡು ಮನೆ ಹೆಸರಿನ ಬೋರ್ಡು, ಬಾಗಿಲ ಪಟ್ಟಿ ಕೆತ್ತಿಕೊಡುತ್ತೇನೆ. ಕೈಯಲ್ಲೇ ಮರ ಕೆತ್ತುವ ಗುಡಿಗಾರರ ಊರಿನಲ್ಲಿ ಈ ಕೆಲಸ ಅಂದರೆ ಬೈಗುಳ ಗ್ಯಾರಂಟಿ. ‘ಮೆಷಿನ್ ಕೆತ್ತನೆ ಇಷ್ಟೇ, ಒಂದಕ್ಷರ ದಪ್ಪ, ಒಂದಕ್ಷರ ಸಣ್ಣ’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ತಪ್ಪು ಮೆಷಿನ್ನಿನದಲ್ಲ, ಹಲಗೆ ಅಳೆಯದೆ ಓಡಿಸಿದವನದು. ನಾನೂ ಅದನ್ನೇ ಮಾಡಿದವನು.

ಕಳೆದ ಆಷಾಢದಲ್ಲಿ ಎರಡಡಿ ಉದ್ದದ ಹಲಸಿನ ಹಲಗೆ ಬಂತು. ಕಣ್ಣಿಗೆ ಸಪಾಟಾಗಿತ್ತು. ಎಡ ಮೂಲೆಯಲ್ಲಿ ಬಿಟ್ (ಕೊರೆಯುವ ಮೊನೆ) ತಾಗಿಸಿ ಸೊನ್ನೆ ಹಿಡಿದೆ, ಅಂದರೆ ಆಳವನ್ನು ಅಲ್ಲಿಂದ ಎಣಿಸು ಅಂತ ಮೆಷಿನ್‌ಗೆ ಹೇಳಿ ಓಡಿಸಿದೆ. ಬಲಗಡೆ ತಲುಪುವಷ್ಟರಲ್ಲಿ ಅಕ್ಷರ ಬರೀ ಗೀರು. ಆಮೇಲೆ ಅಳೆದರೆ ಆ ಕಡೆ 1.2 ಮಿ.ಮೀ. ತಗ್ಗು! ಮೊನೆ ‘V’ ಆಕಾರದಲ್ಲಿರುವ 90 ಡಿಗ್ರಿ ವಿ-ಬಿಟ್‌ನಲ್ಲಿ ಗೆರೆಯ ಅಗಲ ಆಳದ ಎರಡರಷ್ಟು ಬರುತ್ತದೆ, ಹಾಗಾಗಿ 2 ಮಿ.ಮೀ. ಆಳ ಸಿಕ್ಕಿದ ಕಡೆ ಗೆರೆ 4 ಮಿ.ಮೀ., ಆಳ 0.8ಕ್ಕೆ ಇಳಿದ ಕಡೆ 1.6 ಅಷ್ಟೇ. ನಮ್ಮ ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ನೀರಾಗುತ್ತದೆ, ಮರ ಸುಮ್ನೆ ಇರುತ್ತಾ?

ಇದಕ್ಕೆ ದಾರಿ ಇದೆ, ಅದೂ ಬಿಟ್ಟಿ. ಕೆತ್ತುವ ಮೊದಲು ಹಲಗೆಯ ಮೇಲೆ ಚೌಕ ಚೌಕವಾಗಿ ಎತ್ತರ ಮುಟ್ಟಿ ನೋಡಬೇಕು. ಮೆಷಿನ್‌ಗೆ ಜಿ38.2 ಅನ್ನುವ ಆದೇಶ ಕೊಟ್ಟರೆ ಬಿಟ್ ನಿಧಾನಕ್ಕೆ ಇಳಿದು, ತಾಗಿದ ಕೂಡಲೇ ನಿಲ್ಲುತ್ತದೆ. ತಾಗಿದ್ದು ಮೆಷಿನ್‌ಗೆ ಗೊತ್ತಾಗುವುದು ಕರೆಂಟ್ ಹರಿದಾಗ. ಮರದಲ್ಲಿ ಅದು ಹರಿಯುವುದಿಲ್ಲವಲ್ಲ, ಅದಕ್ಕೆ ದಪ್ಪ ಗೊತ್ತಿರುವ ಅಲ್ಯೂಮಿನಿಯಂ ತಗಡು ಇಟ್ಟು ಅಳತೆಯಿಂದ ಆ ದಪ್ಪ ಕಳೆಯಬೇಕು. 600ಕ್ಕೆ 300 ಮಿ.ಮೀ. ಹಲಗೆಗೆ 100 ಮಿ.ಮೀ. ಅಂತರದಲ್ಲಿ 28 ಕಡೆ ತಗಡು ಸರಿಸಬೇಕು. ಬೇಜಾರಿನ ಕೆಲಸವೇ, ಒಂದು ಚಹಾ ಆರಿಹೋಗುತ್ತದೆ. ಬಿಸಿಎನ್‌ಸಿ, ಕ್ಯಾಂಡಲ್ ಥರದ ಉಚಿತ ತಂತ್ರಾಂಶಗಳು ಆ ಅಳತೆಗಳಿಂದ ನಡುವಿನ ಎತ್ತರವನ್ನೂ ಲೆಕ್ಕ ಹಾಕಿ, ಉದ್ದ ಗೆರೆಗಳನ್ನು ತುಂಡು ತುಂಡು ಮಾಡಿ, ಹಲಗೆ ಏರಿದಲ್ಲಿ ಬಿಟ್ ಏರುವಂತೆ, ಇಳಿದಲ್ಲಿ ಇಳಿಯುವಂತೆ ಮಾಡುತ್ತವೆ. ಆದರೆ ಅಳೆದ ಮೇಲೆ ಹಲಗೆ ಹಿಡಿದಿಟ್ಟ ಕ್ಲ್ಯಾಂಪ್ ಮುಟ್ಟಬೇಡಿ. ಇವತ್ತು ಅಳೆದು ನಾಳೆ ಕೆತ್ತಲೂ ಬೇಡಿ, ರಾತ್ರಿಯ ಥಂಡಿಗೆ ಮರ ಮತ್ತೆ ಅಲುಗಿರುತ್ತದೆ.

ಎಲ್ಲಾ ಕೆಲಸಕ್ಕೂ ಇದು ಮದ್ದಲ್ಲ. ಶಿವಮೊಗ್ಗದ ಫೌಂಡ್ರಿಯಲ್ಲಿರುವ ಗೆಳೆಯ ‘ಕಾಸ್ಟಿಂಗ್‌ಗೂ (ಎರಕದ ಲೋಹದ ಭಾಗಕ್ಕೂ) ಹೀಗೇ ಮಾಡಬಹುದಲ್ವಾ’ ಅಂದ. ಅಕ್ಷರ ಕೊರೆಯುವುದಾದರೆ ಸರಿ. ಇನ್ನೊಂದು ಭಾಗ ಬಂದು ಕೂರುವ ಮುಖವಾದರೆ ಡೊಂಕನ್ನು ಹಿಂಬಾಲಿಸಿದರೆ ಡೊಂಕೇ ಉಳಿಯುತ್ತದೆ, ಅಲ್ಲಿ ಸಪಾಟಾಗಿ ಹೊಡೆಯಲೇಬೇಕು.

ನಾನು ಕಲಿತ ಕಿರು ತರಬೇತಿಯಲ್ಲಿ ಡಿಸೈನ್ ಬಿಡಿಸುವುದು, ಸ್ಟಾರ್ಟ್ ಒತ್ತುವುದು, ಒಂದೇ ಕಡೆ ಸೊನ್ನೆ ಹಿಡಿಯುವುದು, ಇಷ್ಟೇ ಹೇಳಿಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಸಿಎನ್‌ಸಿ ಕಲಿಸುವವರು ಹೀಗೆ ಹಲಗೆ ಅಳೆಯುವುದನ್ನು ಕಲಿಸಲು ಅರ್ಧ ದಿನ ಕೊಡಲಿ, ಅದೂ ಜೂನ್-ಜುಲೈನಲ್ಲಿ, ಅಂಗಡಿಯಿಂದ ಆಗಷ್ಟೇ ತಂದ ಹಸಿ ಹಲಗೆಯ ಮೇಲೆ.

— ಒಬ್ಬ ಓದುಗ, ಸಾಗರ