ರಜೆಯ ಓದು: ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಬೇಸಿಗೆ ರಜೆಯಲ್ಲೂ ಮಕ್ಕಳ ಮೇಲೆ ಓದಿನ ಹೊರೆ ಹೇರುವುದು ಯಾವ ನ್ಯಾಯ ಎಂದು ಕಳೆದ ಸಲ ಫೋನಿನಲ್ಲಿ ನೀನು ಸಿಟ್ಟಾಗಿದ್ದೆ. ನಾನೂ ಹೌದೆಂದಿದ್ದೆ. ಈಗ ಅಷ್ಟು ಸಲೀಸಾಗಿ ಹೌದೆನ್ನಲಾರೆ, ಅದಕ್ಕೇ ಈ ಪತ್ರ.

ಏಪ್ರಿಲ್ 10ರಂದು ಪಾಸು-ಫೇಲು ಓದಿ ಹೇಳಿದರೆ ನಮ್ಮ ಪುಸ್ತಕಗಳು ಅಟ್ಟ ಸೇರುತ್ತಿದ್ದವು. ಆಮೇಲಿನ ಓದೆಲ್ಲ ನಿಮ್ಮ ಸೋದರಮಾವನ ಮನೆಯ ಹಳೆಯ ವಾರಪತ್ರಿಕೆಗಳ ಕಟ್ಟು. ಅದರ ಲೆಕ್ಕವನ್ನು ಯಾರೂ ಕೇಳಲಿಲ್ಲ. ಇಲ್ಲಿ ಅಮೆರಿಕದ ಒಹಾಯೋದಲ್ಲಿ ಮಗಳ ಕ್ಯಾಥೊಲಿಕ್ ಹೈಸ್ಕೂಲು ರಜೆಗೆ ಮುನ್ನವೇ ಪಟ್ಟಿ ಕೈಗಿಡುತ್ತದೆ. ಹತ್ತನೆಯ ತರಗತಿಯವರೆಲ್ಲ ಓದಲೇಬೇಕಾದದ್ದು ಒಂದು, ಪಟ್ಟಿಯಿಂದ ತಾನೇ ಆರಿಸಿಕೊಳ್ಳುವುದು ಇನ್ನೊಂದು. ಆಗಸ್ಟ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಪರೀಕ್ಷೆ. ಓದುತ್ತಾ ಹೋದಂತೆ ಪುಟದ ಅಂಚಿನಲ್ಲಿ ಟಿಪ್ಪಣಿಗಳನ್ನೂ ಬರೆದಿರಬೇಕು, ಅವಕ್ಕೂ ಅಂಕಗಳಿವೆ. ಈ ಅಂಚಿನ ಲೆಕ್ಕಾಚಾರ ನನಗೆ ಇಂದಿಗೂ ಹಿಡಿಸಿಲ್ಲ.

ಆದರೆ ಅವರು ಕೊಟ್ಟ ಪುಸ್ತಕವನ್ನು ಕೇಳು: ಎಲೀ ವೀಸೆಲ್‌ನ ಆತ್ಮಕಥನ 'ನೈಟ್'. ಕ್ಯಾಥೊಲಿಕ್ ಶಾಲೆಯಲ್ಲಿ ಯಹೂದಿ ಹುಡುಗನೊಬ್ಬ ದೇವರೊಡನೆ ಜಗಳಕ್ಕೆ ನಿಂತ ಕಥೆ! 1966ರವರೆಗೂ ಓದಬಾರದ ಪುಸ್ತಕಗಳದೇ ಒಂದು ಪಟ್ಟಿ ಇಟ್ಟುಕೊಂಡಿದ್ದ ಧರ್ಮಸಭೆಯ ಶಾಲೆ ಇದು ಎಂದು ನೆನೆದು ಬೆರಗಾದೆ.

ಮಗಳೊಡನೆ ನಾನೂ ಓದಿದೆ. ನೂರಿಪ್ಪತ್ತರ ಆಸುಪಾಸಿನ ಪುಟಗಳು, ಆದರೂ ನಮಗೆ ಎರಡು ವಾರ ಹಿಡಿಯಿತು. 1944ರಲ್ಲಿ ಸಿಗೆಟ್ ಎಂಬ ಊರಿನಿಂದ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿದಾಗ ವೀಸೆಲ್‌ಗೆ ಹದಿನೈದು ವರ್ಷ, ಈಗ ನನ್ನ ಮಗಳಿಗಿರುವ ವಯಸ್ಸು. ಬದುಕಿ ಬಂದವನು ಹತ್ತು ವರ್ಷ ಆ ಬಗ್ಗೆ ಬರೆಯಲಿಲ್ಲ. 1955ರಲ್ಲಿ ಪ್ಯಾರಿಸ್ಸಿನ ಪತ್ರಕರ್ತನಾಗಿ ಫ್ರಾನ್ಸ್ವಾ ಮೋರಿಯಾಕ್‌ನನ್ನು ಕಾಣಲು ಹೋದ. ಮೋರಿಯಾಕ್ ನೊಬೆಲ್ ಪಡೆದ ಸಾಹಿತಿ, ಶ್ರದ್ಧಾವಂತ ಕ್ಯಾಥೊಲಿಕ್. ಅವನು ಮಾತುಮಾತಿಗೂ ಯೇಸುವಿನ ಯಾತನೆಗೆ ಮರಳುತ್ತಿದ್ದುದನ್ನು ಕೇಳಿ ವೀಸೆಲ್ ತಡೆಯಲಾರದೆ, ನಮ್ಮ ಮಕ್ಕಳ ಯಾತನೆಯ ಬಗ್ಗೆ ಯಾರೂ ಮಾತನಾಡುವುದಿಲ್ಲವಲ್ಲ ಎಂದು ಹೇಳಿ ಎದ್ದು ಹೊರಟ. ಆ ಮುದುಕ ಹಿಂದೆಯೇ ಬಂದು, ಒಳಗೆ ಕರೆದೊಯ್ದು ಕೂರಿಸಿ, ಅತ್ತ. ನೀನಿದನ್ನು ಬರೆಯಲೇಬೇಕು ಎಂದು ಒತ್ತಾಯಿಸಿದ. 1958ರಲ್ಲಿ ಫ್ರೆಂಚ್‌ನಲ್ಲಿ ಪುಸ್ತಕ ಬಂದಾಗ ಮುನ್ನುಡಿ ಬರೆದವನೂ ಅವನೇ. ಈ ಸಂಗತಿ ತಿಳಿದ ಮೇಲೆ, ಆ ಶಾಲೆಯ ಪಟ್ಟಿಯಲ್ಲಿ ಈ ಪುಸ್ತಕ ಇರುವುದೇ ಸರಿ ಅನ್ನಿಸಿತು.

ಕಡ್ಡಾಯ ಮಾಡದಿದ್ದರೆ ಮಗಳು ಅದನ್ನು ಮುಟ್ಟುತ್ತಿರಲಿಲ್ಲ. ನಾನೂ ಅಷ್ಟೇ. ಈಗ ಅವಳ ಗೆಳತಿಯರೆಲ್ಲ ಓದುತ್ತಿರುವುದು ಅದನ್ನೇ. ಈಜಲು ಹೋದಾಗಲೂ ಅದರ ಮಾತೇ ಆಡುತ್ತಾರೆ. ಒಂದು ಪುಸ್ತಕ ಹೀಗೆ ಎಲ್ಲರ ನಡುವೆ ಓಡಾಡುವುದನ್ನು ನಾನು ವಾರಪತ್ರಿಕೆಯ ಧಾರಾವಾಹಿಗಳ ಕಾಲದಲ್ಲಿ ಕಂಡಿದ್ದೆ, ಮತ್ತೆ ಕಂಡಿರಲಿಲ್ಲ.

ಮೊನ್ನೆ ಅವಳ ಪ್ರತಿಯನ್ನು ತಿರುವಿ ಹಾಕಿದೆ. ಅಂಚಿನ ತುಂಬಾ ನೀಲಿ ಶಾಯಿ. ಬುಖೆನ್ವಾಲ್ಡ್ ಎಂಬ ಇನ್ನೊಂದು ನಾಜಿ ಶಿಬಿರದಲ್ಲಿ ಸಾಯುತ್ತಿರುವ ತಂದೆ ಮಗನ ಹೆಸರು ಹಿಡಿದು ಕರೆಯುತ್ತಾನೆ, ಏಟಿನ ಭಯಕ್ಕೆ ಮಗ ಓಗೊಡುವುದಿಲ್ಲ. ಆ ಪುಟದಲ್ಲಿ ಮಾತ್ರ ಒಂದಕ್ಷರವೂ ಇಲ್ಲ. ಮರೆತೆಯಾ ಎಂದೆ. "ಇಲ್ಲಪ್ಪಾ, ಅಲ್ಲಿ ಬರೆಯಬಾರದು ಅನ್ನಿಸಿತು" ಎಂದಳು.

ಆ ಖಾಲಿ ಅಂಚಿಗೆ ಅಂಕ ಕಳೆಯಬೇಡಿ ಎಂದು ಅವಳ ಶಿಕ್ಷಕಿಗೆ ನಾಲ್ಕು ಸಾಲು ಬರೆಯೋಣವೆಂದುಕೊಂಡಿದ್ದೇನೆ. ಇಪ್ಪತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆ ನೋಡುತ್ತಿರುವ ಮೇಷ್ಟ್ರು ನೀನು. ಬರೆಯಲೋ ಬೇಡವೋ, ಹೇಳು.

ನಿನ್ನ ಗೆಳೆಯ