ಕಟ್ಟಿಗೆ ಬಾಯ್ಲರಿನ ಹೊಗೆಗೆ ಈ ಬೇಸಿಗೆಯಲ್ಲೇ ಪರಿಹಾರ ಬೇಕು

ಸಂಪಾದಕರಿಗೆ,

ಮಾನ್ಯರೇ,

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋಗುತ್ತದೆ ಎಂಬ ಹಿರಿಯರ ಮಾತಿನಂತೆ ವಿಜಯಪುರದಲ್ಲಿ ಚಳಿ ಸರಿದು ಬಿಸಿಲು ಏರತೊಡಗಿದೆ. ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ನಮ್ಮ ಓಣಿಯನ್ನು ಕವಿದುಕೊಂಡಿದ್ದ ಹೊಗೆಯ ಮಾತು ಈಗ ಯಾರ ಬಾಯಲ್ಲೂ ಇಲ್ಲ. ಆದರೆ ಮುಂದಿನ ಚಳಿಗಾಲದಲ್ಲಿ ಎಷ್ಟು ಹೊಗೆ ಕುಡಿಯಬೇಕು ಎಂಬುದು ಈ ಮೂರು ತಿಂಗಳ ಬಿಸಿಲಿನಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಡಿಸೆಂಬರಿನವರೆಗೆ ಕಾಯದೆ ಈಗಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ನಗರದಲ್ಲಿ ಖಾಸಗಿ ವಸತಿ ನಿಲಯಗಳು, ಕಲ್ಯಾಣ ಮಂಟಪಗಳು ಮತ್ತು ಕೆಲವು ದೊಡ್ಡ ಮನೆಗಳು ಹಿತ್ತಲಿನಲ್ಲೋ ಅಂಗಳದ ಮೂಲೆಯಲ್ಲೋ ಕಬ್ಬಿಣದ ತಗಡಿನ ಕಟ್ಟಿಗೆ ಬಾಯ್ಲರ್ ಇಟ್ಟುಕೊಂಡಿವೆ. ಹಳೆಯ ಮನೆಗಳ ತಾಮ್ರದ ಬಂಬದ ದೊಡ್ಡ ರೂಪವೇ ಇದು: ನಡುವೆ ಬೆಂಕಿ, ಸುತ್ತಲೂ ನೀರು, ಮೇಲೊಂದು ಹೊಗೆಕೊಳವೆ. ವೆಲ್ಡಿಂಗ್ ಅಂಗಡಿಯವರು ಗಿರಾಕಿ ಹೇಳಿದ ಅಳತೆಗೆ ಮಾಡಿಕೊಡುತ್ತಾರೆ. ನಮ್ಮ ಮನೆಗೆ ಹೊಂದಿಕೊಂಡಿರುವ ವಸತಿ ನಿಲಯದಲ್ಲಿಯೂ ಅಂಥದೊಂದು ಬಾಯ್ಲರ್ ಇದೆ. ಅದರ ಹೊಗೆಕೊಳವೆಯ ಬಾಯಿ ನಮ್ಮ ಅಡುಗೆಮನೆಯ ಕಿಟಕಿಯ ಎತ್ತರಕ್ಕೇ ನಿಂತಿದೆ. ನನ್ನ ಮನೆಯವರಿಗೆ ಹತ್ತು ವರ್ಷಗಳಿಂದ ದಮ್ಮಿನ ತೊಂದರೆಯಿದ್ದು, ಈ ಚಳಿಗಾಲದಲ್ಲಿ ಅವರು ಎರಡು ಸಲ ರಾತ್ರೋರಾತ್ರಿ ಆಸ್ಪತ್ರೆ ಸೇರಬೇಕಾಯಿತು.

ಬಾಯ್ಲರ್ ನೋಡಿಕೊಳ್ಳುವ ಹುಡುಗನನ್ನು ನಾನು ಒಂದು ರಾತ್ರಿ ಮಾತನಾಡಿಸಿದೆ. ಹತ್ತು ಗಂಟೆಗೆ ಅವನು ಹಸಿ ಜಾಲಿ ಕಟ್ಟಿಗೆಯನ್ನು ಒಳಗೆ ಇಡುಕಿ, ಗಾಳಿಕಿಂಡಿಯನ್ನು ಮುಚ್ಚಿ ಮಲಗುತ್ತಾನೆ. ನಾಲ್ಕು ಗಂಟೆಗೆ ಎದ್ದು ಕಿಂಡಿ ತೆರೆಯುತ್ತಾನೆ. ‘ಬೆಂಕಿ ಆರಿತಂದ್ರ ಮುಂಜಾನೆ ಹುಡುಗರಿಗೆ ನೀರು ಸಿಗೂದಿಲ್ರಿ ಸರ್, ಅದಕ್ಕ ಹಸಿ ಕಟಗಿ ಹಾಕಿ ಮುಚ್ಚತೀನ್ರಿ’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟಿರುವ ಯಂತ್ರದಲ್ಲಿ ಬೇರೆ ದಾರಿಯೂ ಇಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಾದ್ದರಿಂದ ಆ ಬಾಯ್ಲರಿನೊಳಗೆ ರಾತ್ರಿಯಿಡೀ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತೊಂದರೆಯ ಬೇರು ಅಲ್ಲಿದೆ.

ಕಟ್ಟಿಗೆ ಉರಿಯುತ್ತದೆ ಎಂದು ನಾವು ಹೇಳುತ್ತೇವೆಯಾದರೂ ಜ್ವಾಲೆಯಾಗಿ ಉರಿಯುವುದು ಕಟ್ಟಿಗೆಯಿಂದ ಹೊರಡುವ ಅನಿಲ. ಒಣಗಿದ ಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಪಾಲು ಬಿಸಿ ತಗುಲಿದೊಡನೆ ಅನಿಲವಾಗಿ ಹೊರಬರುತ್ತದೆ, ಉಳಿದದ್ದು ಕೆಂಡವಾಗುತ್ತದೆ. ಈ ಅನಿಲ ಪೂರ್ತಿ ಉರಿಯಬೇಕಾದರೆ ಬೆಂಕಿಗೂಡಿನಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಶಾಖವೂ ಸಾಕಷ್ಟು ಗಾಳಿಯೂ ಬೇಕು. ಬಾಯ್ಲರಿನಲ್ಲಿ ಬೆಂಕಿಯ ಸುತ್ತಲೂ ನೀರು ಇರುವುದರಿಂದ ಗೂಡಿನ ಗೋಡೆ ನೂರು ಡಿಗ್ರಿಯ ಆಸುಪಾಸನ್ನು ದಾಟುವುದೇ ಇಲ್ಲ. ಅದರ ಮೇಲೆ ಗಾಳಿಕಿಂಡಿಯನ್ನೂ ಮುಚ್ಚಿದರೆ ಅನಿಲ ಉರಿಯದೆ, ಟಾರಿನ ಸೂಕ್ಷ್ಮ ಹನಿಗಳಾಗಿ, ಮಸಿಯಾಗಿ, ಇಂಗಾಲದ ಮೊನಾಕ್ಸೈಡೆಂಬ ವಿಷಾನಿಲವಾಗಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ಮಾಲೀಕರು ದುಡ್ಡು ಕೊಟ್ಟು ತಂದ ಕಟ್ಟಿಗೆಯ ಒಂದು ಪಾಲು ನೀರು ಕಾಯಿಸದೆ ನಮ್ಮ ಮನೆಯ ಪರದೆಗಳಿಗೆ ಅಂಟಿಕೊಳ್ಳುತ್ತದೆ. ಆ ಹೊಗೆಕೊಳವೆಯ ಒಳಮೈಯಲ್ಲಿ ಡಾಂಬರಿನಂಥ ಕಪ್ಪು ಅಂಟು ಕಟ್ಟಿರುವುದನ್ನು ಯಾರಾದರೂ ಕೆದಕಿ ನೋಡಬಹುದು. ಅದೇ ವಸ್ತು ನಮ್ಮ ಎದೆಗೂಡನ್ನು ಸೇರುತ್ತಿದೆ.

ಹಸಿ ಕಟ್ಟಿಗೆ ಇದನ್ನು ಇನ್ನಷ್ಟು ಕೆಡಿಸುತ್ತದೆ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಹತ್ತು ಕಿಲೋ ಅಂಥ ಕಟ್ಟಿಗೆಯೊಳಗಿನ ಐದು ಕಿಲೋ ನೀರನ್ನು ಆವಿ ಮಾಡುವುದಕ್ಕೇ ಸುಮಾರು 3,100 ಕಿಲೋ ಕ್ಯಾಲರಿ (ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸುವ ಶಾಖವೇ ಒಂದು ಕಿಲೋ ಕ್ಯಾಲರಿ), ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಕಟ್ಟಿಗೆಯ ಶಾಖ ವ್ಯರ್ಥವಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಆ ಆವಿ ಬೆಂಕಿಯನ್ನು ತಣ್ಣಗಾಗಿಸಿ ಅನಿಲವನ್ನು ಉರಿಯಗೊಡುವುದಿಲ್ಲ. ಬೇಕಾದ ಶಾಖವಾದರೂ ಎಷ್ಟು? ಅರವತ್ತು ವಿದ್ಯಾರ್ಥಿಗಳಿಗೆ ತಲಾ 20 ಲೀಟರಿನಂತೆ 1,200 ಲೀಟರ್ ನೀರನ್ನು 18 ಡಿಗ್ರಿಯಿಂದ 43 ಡಿಗ್ರಿಗೆ ಏರಿಸಲು 30,000 ಕಿಲೋ ಕ್ಯಾಲರಿ ಸಾಕು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆ ಸುಮಾರು 3,500 ಕಿಲೋ ಕ್ಯಾಲರಿ ಕೊಡುತ್ತದೆ. ಅರ್ಧ ಶಾಖ ಪೋಲಾಯಿತೆಂದು ಲೆಕ್ಕ ಹಿಡಿದರೂ 17–18 ಕಿಲೋ ಕಟ್ಟಿಗೆಯಲ್ಲಿ ಕೆಲಸ ಮುಗಿಯಬೇಕು. ಅಲ್ಲಿ ದಿನಾಲೂ ಒಳಗೆ ಹೋಗುವ ರಾಶಿಯನ್ನು ಕಂಡವರಿಗೆ ಇದು ನಂಬುವ ಮಾತೆನಿಸಲಿಕ್ಕಿಲ್ಲ.

ಈ ಅನುಭವ ನಮಗಿಂತ ಮೊದಲೇ ಚಳಿ ದೇಶಗಳಿಗೆ ಆಗಿದೆ. ಅಮೆರಿಕ ಮತ್ತು ಕೆನಡಾದ ಹಳ್ಳಿಗಾಡಿನಲ್ಲಿ ಮನೆಯಿಂದ ದೂರ, ಬಯಲಿನಲ್ಲಿ ಸಣ್ಣ ಗುಡಿಸಲಿನಂಥ ಕಟ್ಟಿಗೆ ಕುಲುಮೆಯನ್ನು ನಿಲ್ಲಿಸಿ, ಅದರಲ್ಲಿ ಕಾದ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಹರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ಪದ್ಧತಿಯಿದೆ. ಆ ಕುಲುಮೆಗಳಲ್ಲಿಯೂ ಇದೇ ದೋಷ ಕಂಡುಬಂತು: ನೀರು ಸಾಕಷ್ಟು ಕಾದೊಡನೆ ಗಾಳಿಕಿಂಡಿ ತಾನಾಗಿ ಮುಚ್ಚಿಕೊಂಡು, ಮುಂದಿನ ಹಲವು ತಾಸು ಕಟ್ಟಿಗೆ ಕಮರುತ್ತ ಕೂರುತ್ತಿತ್ತು, ಗಿಡ್ಡ ಹೊಗೆಕೊಳವೆಯಿಂದ ಹೊರಟ ತಣ್ಣನೆಯ ಹೊಗೆ ನೆಲ ಹಿಡಿದು ನೆರೆಮನೆಗಳಿಗೆ ನುಗ್ಗುತ್ತಿತ್ತು. ದೂರುಗಳು ಹೆಚ್ಚಿದ ಮೇಲೆ ಅಮೆರಿಕದ ವರ್ಮಾಂಟ್ ರಾಜ್ಯವು 1997ರಲ್ಲಿ ಇಂಥ ಕುಲುಮೆ ನೆರೆಮನೆಯಿಂದ ಕನಿಷ್ಠ 200 ಅಡಿ ದೂರವಿರಬೇಕೆಂದು ನಿಯಮ ಮಾಡಿತು. 2015ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹೊಸದಾಗಿ ತಯಾರಾಗುವ ಕುಲುಮೆಗಳು ಹೊರಬಿಡಬಹುದಾದ ಸೂಕ್ಷ್ಮ ಕಣಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಮಿತಿಯನ್ನು ಹಾಕಿ, 2020ರಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇನ್ನೂರು ಅಡಿಯ ಜಾಗ ನಮ್ಮ ಓಣಿಗಳಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ಎರಡು ಮನೆಗಳ ನಡುವೆ ಎರಡು ಮೊಳ ಸಿಕ್ಕರೆ ಹೆಚ್ಚು. ಆದ್ದರಿಂದ ಅವರ ದೂರದ ನಿಯಮಕ್ಕಿಂತ ಅವರ ತಯಾರಕರು ಯಂತ್ರದಲ್ಲಿ ಮಾಡಿಕೊಂಡ ತಿದ್ದುಪಡಿ ನಮಗೆ ಹೆಚ್ಚು ಉಪಯೋಗದ್ದು.

ಆ ತಿದ್ದುಪಡಿ ನಮ್ಮ ವೆಲ್ಡಿಂಗ್ ಅಂಗಡಿಗಳ ಕೈಗೆ ಮೀರಿದ್ದೇನೂ ಅಲ್ಲ. ಬೆಂಕಿಗೂಡಿನ ಒಳಮೈಗೆ ಫೈರ್ ಬ್ರಿಕ್ ಎಂಬ ಶಾಖ ತಾಳುವ ಇಟ್ಟಿಗೆ ಕಟ್ಟಿದರೆ ಬೆಂಕಿ ನೇರವಾಗಿ ನೀರಿನ ಗೋಡೆಗೆ ತಾಗದೆ ಗೂಡು ಕೆಂಪಗೆ ಕಾಯುತ್ತದೆ. ಅನಿಲ ಅಲ್ಲಿಯೇ ಉರಿದು, ಅನಂತರ ಆ ಶಾಖ ಮೇಲಿನ ಕೊಳವೆಗಳ ಸುತ್ತ ಹಾಯುವಾಗ ನೀರಿಗೆ ಇಳಿಯುತ್ತದೆ. ಗೂಡಿನ ಮೇಲ್ಭಾಗದಲ್ಲಿ ಎರಡನೆಯ ಗಾಳಿಕಿಂಡಿಗಳನ್ನು ಕೊರೆದರೆ ಉರಿಯದ ಅನಿಲಕ್ಕೆ ಗಾಳಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿಯಿಡೀ ಬೆಂಕಿಯನ್ನು ಕಮರಿಸಿಡುವ ಬದಲು ಸಂಜೆ ಒಂದೆರಡು ತಾಸು ಗಾಳಿ ಪೂರ್ತಿ ಬಿಟ್ಟು ಧಗಧಗನೆ ಉರಿಸಿ, ಕಾದ ನೀರನ್ನು ಶಾಖ ಸೋರದಂತೆ ಹೊದಿಕೆ ಹಾಕಿದ ದೊಡ್ಡ ಟ್ಯಾಂಕಿನಲ್ಲಿ ಕೂಡಿಟ್ಟುಕೊಳ್ಳಬೇಕು. ಹಗಲು ಕಾದ ನೀರನ್ನು ಮರುದಿನ ಮುಂಜಾನೆಯವರೆಗೆ ಬಿಸಿಯಾಗಿಡುವ ಸೋಲಾರ್ ಟ್ಯಾಂಕುಗಳು ನಮ್ಮ ಮಾಳಿಗೆಗಳ ಮೇಲೆಯೇ ಇವೆ. ಅದೇ ಉಪಾಯವನ್ನು ಬಾಯ್ಲರಿಗೂ ಬಳಸಬಹುದು. ಹಾಗಾದರೆ ಆ ಹುಡುಗನೂ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.

ಹಾಗಿದ್ದರೆ ಸೋಲಾರನ್ನೇ ಹಾಕಿಸಬಾರದೇ ಎಂದು ಕೇಳುವವರಿದ್ದಾರೆ. ಹಾಕಿಸಬಹುದಾದವರು ಖಂಡಿತ ಹಾಕಿಸಲಿ, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಬೋರ್‌ವೆಲ್ಲಿನ ಗಡಸು ನೀರಿನಿಂದ ಒಳಗೆ ಸುಣ್ಣ ಕಟ್ಟಿ ಸೋಲಾರ್ ಕೊಳವೆಗಳು ಕೆಡುತ್ತವೆ ಎಂಬ ದೂರಿನಲ್ಲಿ ಸತ್ಯವಿದೆ, ಬಾಡಿಗೆ ಕಟ್ಟಡದಲ್ಲಿ ವಸತಿ ನಿಲಯ ನಡೆಸುವವರು ಅಷ್ಟು ಹಣ ಹೂಡಲು ಹಿಂಜರಿಯುವುದೂ ನಿಜ. ಕಟ್ಟಿಗೆಯನ್ನು ನಾನು ಹೀಗಳೆಯುವುದಿಲ್ಲ. ನಮ್ಮ ಜಿಲ್ಲೆಯ ಹೊಲಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಪ್ರತಿವರ್ಷ ರಾಶಿ ಬೀಳುತ್ತದೆ, ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ ಬೆಳೆದು ನಿಂತಿದೆ. ಕೆಂಡವನ್ನು ಅಗ್ಗಿಷ್ಟಿಗೆಯಲ್ಲಿ ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗಿ, ವಾಸನೆಯೇ ಇಲ್ಲದ ಮೊನಾಕ್ಸೈಡಿಗೆ ಜೀವ ಕಳೆದುಕೊಳ್ಳುವುದಕ್ಕಿಂತ ಬೆಂಕಿಯನ್ನು ಹೊರಗಿಟ್ಟು ಬಿಸಿ ನೀರನ್ನು ಒಳಗೆ ತರುವುದು ಎಷ್ಟೋ ಮೇಲು. ಕಡಿಮೆ ಕಟ್ಟಿಗೆಯಲ್ಲಿ ಕಡಿಮೆ ಹೊಗೆಯೊಂದಿಗೆ ಉರಿಯುವ ಒಲೆಯನ್ನು ರೂಪಿಸುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನವನ್ನು ಒಯ್ಯಲು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳ ಅಡುಗೆಮನೆಗಳನ್ನು ತಲುಪಿತ್ತು. ಅಡುಗೆ ಒಲೆಗೆ ಕೊಟ್ಟ ಆ ಗಮನವನ್ನು ಬಾಯ್ಲರಿಗೆ ಕೊಟ್ಟವರು ಕಡಿಮೆ ಎಂಬುದೇ ನನ್ನ ಕೊರಗು.

ಇನ್ನು ಬೇಸಿಗೆಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇರೆ ಊರಿನವರಿಗೆ ಸಿಗದ ಈ ಬಿಸಿಲನ್ನು ಕಟ್ಟಿಗೆ ಒಣಗಿಸಲು ಬಳಸಿಕೊಳ್ಳದಿರುವುದು ದೊಡ್ಡ ತಪ್ಪು. ಮುಂದಿನ ಚಳಿಗಾಲದ ಕಟ್ಟಿಗೆಯನ್ನು ಈಗಲೇ ಕೊಂಡು, ಸೀಳಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಗಾಳಿಯಾಡುವಂತೆ ಒಟ್ಟಿ, ಮಿರಗದ ಮಳೆ ಬರುವ ಮೊದಲು ಪತ್ರಾಸಿನ ಶೆಡ್ಡಿನೊಳಗೆ ಸರಿಸಬೇಕು. ಸೀಳದ ದಿಮ್ಮಿ ವರ್ಷವಾದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಚಳಿ ಬಿದ್ದ ಮೇಲೆ ಕಟ್ಟಿಗೆ ಅಡ್ಡೆಗೆ ಹೋದರೆ ಸಿಗುವುದು ಹಿಂದಿನ ವಾರ ಕಡಿದ ಜಾಲಿ ಮಾತ್ರ.

ಹೊಗೆಕೊಳವೆಯ ಎತ್ತರದ ವಿಷಯವನ್ನು ಬಿಡುವಂತಿಲ್ಲ. ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗಿ ತಂಪು ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಲ್ಲುವುದರಿಂದ, ಬಿಸಿಲು ಏರುವವರೆಗೆ ಹೊಗೆ ಮೇಲೇಳದೆ ಓಣಿಯಲ್ಲೇ ಮಡುಗಟ್ಟುತ್ತದೆ. ಜನವರಿಯಲ್ಲಿ ಬೆಳಗಿನ ಏಳು ಗಂಟೆಗೆ ನಮ್ಮ ಮಾಳಿಗೆ ಹತ್ತಿದರೆ ಗೋಳಗುಮ್ಮಟದ ಗುಮ್ಮಟ ಸ್ವಚ್ಛವಾಗಿ ಕಾಣುತ್ತದೆ, ಆದರೆ ಕೆಳಗಿನ ಓಣಿಯ ಮನೆಗಳ ಬಾಗಿಲು ಕಾಣುವುದಿಲ್ಲ. ಅಕ್ಕಪಕ್ಕದ ಮಾಳಿಗೆಗಳ ಗೋಡೆಗಿಂತ ಎತ್ತರಕ್ಕೆ ಕೊಳವೆಯನ್ನು ಒಯ್ದರೆ ಹೊಗೆ ಇಲ್ಲವಾಗದಿದ್ದರೂ ಕಿಟಕಿಗಳಿಗೆ ನೇರವಾಗಿ ನುಗ್ಗುವುದು ತಪ್ಪುತ್ತದೆ. ಅಷ್ಟೇ ತುರ್ತಾಗಿ, ಪ್ಲಾಸ್ಟಿಕ್ ಚೀಲ, ಹಳೆಯ ಪಿವಿಸಿ ಪೈಪು, ಬಣ್ಣ ಬಳಿದ ಪ್ಲೈವುಡ್ ಇವುಗಳನ್ನು ಬೆಂಕಿ ಹೊತ್ತಿಸಲು ಬಳಸುವುದು ನಿಲ್ಲಬೇಕು. ಪಿವಿಸಿ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವೂ ಡಯಾಕ್ಸಿನ್ ಎಂಬ ವಿಷವೂ ಹೊರಬರುತ್ತವೆ.

ಗಾಳಿಯಲ್ಲಿನ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ 2009ರ ರಾಷ್ಟ್ರೀಯ ಮಾನದಂಡವು 24 ತಾಸಿನ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ಊರಿಗೆ ಒಂದೆರಡು ಕಡೆ ನಿಲ್ಲಿಸಿದ ಮಾಪಕ ಯಂತ್ರಗಳು ಒಂದು ಓಣಿಯ ನಾಲ್ಕು ತಾಸಿನ ಹೊಗೆಯನ್ನು ತೋರಿಸಲಾರವು. ನಾನು ಕೊಟ್ಟ ಅರ್ಜಿಗೆ ಸಂಬಂಧಪಟ್ಟ ಕಚೇರಿಯೊಂದರಿಂದ ಬಂದ ಉತ್ತರ, ನಗರದ ಗಾಳಿ ಮಿತಿಯೊಳಗಿದೆ ಎಂಬುದಾಗಿತ್ತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ನನ್ನ ಪ್ರಶ್ನೆ ನಗರದ ಸರಾಸರಿಯ ಬಗ್ಗೆ ಇರಲಿಲ್ಲ. ವಸತಿ ನಿಲಯ ಮತ್ತು ಕಲ್ಯಾಣ ಮಂಟಪಗಳ ಪರವಾನಗಿಯನ್ನು ನವೀಕರಿಸುವಾಗ ಹೊಗೆಕೊಳವೆಯ ಎತ್ತರ, ಒಣ ಕಟ್ಟಿಗೆಯ ಶೆಡ್ಡು ಮತ್ತು ಹೊದಿಕೆಯಿರುವ ಟ್ಯಾಂಕು ಈ ಮೂರನ್ನು ಸ್ಥಳಕ್ಕೆ ಬಂದು ನೋಡುವ ಪದ್ಧತಿಯನ್ನು ಸ್ಥಳೀಯ ಆಡಳಿತ ಈ ವರ್ಷವೇ ಜಾರಿಗೆ ತರಬೇಕೆಂದು ನನ್ನ ಬೇಡಿಕೆ.

ನಮ್ಮ ಪಕ್ಕದ ಬಾಯ್ಲರಿನ ಕೊಳವೆಯನ್ನು ಎತ್ತರಿಸಲು ತಗಲುವ ಖರ್ಚಿನ ಅರ್ಧವನ್ನು ಓಣಿಯ ಎಂಟು ಮನೆಯವರು ಹಂಚಿಕೊಳ್ಳಲು ಒಪ್ಪಿದ್ದೇವೆ. ಕಳೆದ ವಾರ ಮಾಲೀಕರನ್ನು ಕಂಡು ಹೇಳಿಯೂ ಬಂದಿದ್ದೇವೆ. ಯುಗಾದಿಯೊಳಗೆ ತಿಳಿಸುವುದಾಗಿ ಅವರು ಹೇಳಿದ್ದಾರೆ.

— ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ